ಒಂದೇ ಋತುವಿನ ಜರೀಗಿಡ: ಎಲ್ಲಿ ಹುಡುಕಬೇಕು, ಹೇಗೆ ಗುರುತಿಸಬೇಕು

ಜರೀಗಿಡ ಅಂದ ಕೂಡಲೇ ನಮ್ಮ ಹುಡುಗರು ತಲೆ ಎತ್ತಿ ನೋಡುತ್ತಾರೆ. ಊಟಿ ಕಡೆ ಹೋದರೆ ಮರದಷ್ಟು ಎತ್ತರದ ಜರೀಗಿಡ ಇದೆಯಲ್ಲ, ಎಲ್ಲರಿಗೂ ಅದರ ಜೊತೆ ಫೋಟೋ ಬೇಕು. ನಾನು ಇಲ್ಲಿ ಹೇಳುವ ಗಿಡ ನೋಡಲು ಬಗ್ಗಬೇಕು, ಒಮ್ಮೊಮ್ಮೆ ಮಂಡಿಯೂರಬೇಕು. ಅದರ ಹೆಸರು ಅನೋಗ್ರಾಮ ಲೆಪ್ಟೋಫಿಲ್ಲ. ಸಾಮಾನ್ಯವಾಗಿ ಬೆರಳುದ್ದ, ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಮಳೆಯ ಜೊತೆ ಹುಟ್ಟಿ, ಬೀಜಕ (ಬೀಜದ ಬದಲಿಗೆ ಇರುವ ಪುಡಿಯಂಥ ಕಣ) ಉದುರಿಸಿ, ಬಿಸಿಲು ಬಲಿಯುವಷ್ಟರಲ್ಲಿ ಒಣಗಿ ಹೋಗುತ್ತದೆ. ಜರೀಗಿಡಗಳಲ್ಲಿ ಹೀಗೆ ಒಂದೇ ಋತುವಿಗೆ ಬದುಕು ಮುಗಿಸುವವು ತೀರಾ ಕಡಿಮೆ.

ನಾನು ಗುಂಡ್ಲುಪೇಟೆ ಕಡೆಯ ಕಾಲೇಜೊಂದರಲ್ಲಿ ಬಾಟನಿ ಪಾಠ ಮಾಡುತ್ತೇನೆ. ನಮಗೆ ಬಂಡೀಪುರ ದಾಟಿದರೆ ನೀಲಗಿರಿ. ಹಾಗಾಗಿ ಬಿಎಸ್ಸಿ ಮಕ್ಕಳ ಫೀಲ್ಡ್ ಟ್ರಿಪ್ ಹೆಚ್ಚಾಗಿ ಆ ಕಡೆಗೇ. ಬಸ್ಸಲ್ಲಿ ಕೂತ ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯ ಮಾತು: ಗಿಡ ಹುಡುಕಬೇಡಿ, ಜಾಗ ಹುಡುಕಿ. ಎತ್ತರದ ಗುಡ್ಡದಲ್ಲಿ ರಸ್ತೆಗಾಗಿ, ಕಾಲುದಾರಿಗಾಗಿ ಮಣ್ಣು ಕಡಿದಿರುತ್ತಾರಲ್ಲ, ಆ ನಿಂತ ಮಣ್ಣುಗೋಡೆ ನೋಡಿ. ಮೇಲಿಂದ ಹುಲ್ಲೋ ಬೇರೋ ಇಳಿಬಿದ್ದು ನೆರಳು ಕೊಡುತ್ತಿರಬೇಕು. ಮಣ್ಣು ಒದ್ದೆ ಇರಬೇಕು, ಆದರೆ ನೀರು ಹರಿಯುತ್ತಿರಬಾರದು. ಗೋಡೆಗೆ ತೆಳ್ಳಗೆ ಪಾಚಿ ಕಟ್ಟಿದ್ದರೆ ಇನ್ನೂ ಒಳ್ಳೆಯದು. ಹುಲ್ಲು ದಟ್ಟವಾಗಿ ಬೆಳೆದಿರುವ ಕಡೆ ಹುಡುಕಿ ಪ್ರಯೋಜನವಿಲ್ಲ, ಇಷ್ಟು ಸಣ್ಣ ಗಿಡ ಆ ಪೈಪೋಟಿಯಲ್ಲಿ ಗೆಲ್ಲುವುದಿಲ್ಲ. ಕಲ್ಲಿನ ಸಂದಿನಲ್ಲಿ ಒಂದು ಹಿಡಿ ಮಣ್ಣು ನಿಂತಿದ್ದರೂ ಅದಕ್ಕೆ ಸಾಕು.

ಕಾಲವೂ ಜಾಗದಷ್ಟೇ ಮುಖ್ಯ. ಮುಂಗಾರಿನ ಜೋರು ಇಳಿದ ಮೇಲೆ, ಚಳಿ ಬಲಿಯುವ ತನಕ ಹೋಗಿ. ಏಪ್ರಿಲ್‌ನಲ್ಲಿ ಊಟಿಗೆ ಹೋಗಿ ಸಿಗಲಿಲ್ಲ ಅಂತ ಬೇಜಾರಾದರೆ ತಪ್ಪು ಗಿಡದ್ದಲ್ಲ. ಬಂಡೀಪುರ, ಮುದುಮಲೈ ಒಳಗೆ ಮಾತ್ರ ಗಾಡಿ ನಿಲ್ಲಿಸಿ ಇಳಿಯಬೇಡಿ. ಆನೆಗೆ ನಿಮ್ಮ ಬಾಟನಿ ಗೊತ್ತಿಲ್ಲ.

ಕೈಯಲ್ಲಿ 10 ಪಟ್ಟು ದೊಡ್ಡದು ಮಾಡುವ ಲೆನ್ಸ್ ಬೇಕೇ ಬೇಕು. ಫೋನಿನ ಕ್ಯಾಮೆರಾ ಆಮೇಲೆ. ಲೆನ್ಸನ್ನು ಗಿಡದ ಹತ್ತಿರ ಹಿಡಿದು ಕಣ್ಣನ್ನು ದೂರ ಇಡುವುದು ಎಲ್ಲರ ಚಾಳಿ. ಲೆನ್ಸ್ ಕಣ್ಣಿಗೆ ಅಂಟಿಕೊಂಡ ಹಾಗಿರಲಿ, ತಲೆಯೇ ಗಿಡದ ಹತ್ತಿರ ಹೋಗಲಿ.

ಎಲೆ ಮೇಲ್ನೋಟಕ್ಕೆ ಎಳೆ ಕೊತ್ತಂಬರಿ ಸೊಪ್ಪಿನ ಹಾಗೆ ಕಾಣುತ್ತದೆ. ತೆಳ್ಳಗೆ, ತಿಳಿ ಹಸಿರು, ಸ್ವಲ್ಪ ಹಳದಿ ಛಾಯೆ. ದೇಟು ಸಣ್ಣ, ಹೊಳೆಯುವ ಕಂದುಗೆಂಪು. ಬುಡದಲ್ಲಿ ಹೊರಸುತ್ತಿನ ಎಲೆಗಳು ಗಿಡ್ಡವಾಗಿ ಬೀಸಣಿಗೆಯಂತೆ ಅಗಲವಾಗಿರುತ್ತವೆ. ನಡುವಿನಿಂದ ಬರುವ ಎಲೆಗಳು ಉದ್ದ, ನೇರ, ಜಾಸ್ತಿ ಸೀಳಿಕೊಂಡಿರುತ್ತವೆ. ಬೀಜಕ ಬರುವುದು ಮುಖ್ಯವಾಗಿ ಈ ಒಳಗಿನ ಎಲೆಗಳಲ್ಲಿ. ಜರೀಗಿಡ ಹೌದೋ ಅಲ್ಲವೋ ಅಂತ ಅನುಮಾನ ಬಂದರೆ ಮಧ್ಯದಲ್ಲಿ ಈಗಷ್ಟೇ ಏಳುತ್ತಿರುವ ಎಲೆ ನೋಡಿ. ತುದಿ ಒಳಕ್ಕೆ ಸುರುಳಿ ಸುತ್ತಿಕೊಂಡಿದ್ದರೆ ಜರೀಗಿಡ.

ಈಗ ಎಲ್ಲರೂ ಎಡವುವ ಜಾಗ. ಮಣ್ಣುಗೋಡೆಯ ಮೇಲೆ ದೊಡ್ಡ ಜರೀಗಿಡಗಳ ಮರಿಗಳೂ ಧಾರಾಳವಾಗಿ ಇರುತ್ತವೆ. ಎತ್ತರ ಒಂದೇ, ಬಣ್ಣ ಒಂದೇ. ಮರಿ ಯಾವುದು, ಬಲಿತದ್ದು ಯಾವುದು ಅಂತ ಗಾತ್ರ ನೋಡಿ ಹೇಳಲಾಗದು. ಎಲೆ ತಿರುಗಿಸಿ ನೋಡಲೇಬೇಕು. ಐದು ಸೆಂಟಿಮೀಟರ್ ಗಿಡದ ಎಲೆಯಡಿ ಬೀಜಕದ ಕೋಶಗಳು ತುಂಬಿದ್ದರೆ ಅದು ಮರಿಯಲ್ಲ, ಅದರ ಬೆಳವಣಿಗೆಯೇ ಅಷ್ಟು. ಅನೋಗ್ರಾಮದಲ್ಲಿ ಈ ಕೋಶಗಳು ಎಲೆಯ ನರಗಳ ಉದ್ದಕ್ಕೂ ಸಾಲಾಗಿ ಕೂತಿರುತ್ತವೆ. ಮೇಲೆ ಯಾವ ಮುಚ್ಚಳವೂ ಇಲ್ಲ. ಎಲೆಯಂಚು ಮಡಚಿಕೊಂಡು ಅವನ್ನು ಮುಚ್ಚುವುದೂ ಇಲ್ಲ. ಬಲಿತಾಗ ಸಾಲುಗಳು ಒಂದಕ್ಕೊಂದು ಕೂಡಿ ಎಲೆಯಡಿಯೆಲ್ಲ ಕಂದಾಗುತ್ತದೆ.

ಇದೊಂದು ಗುರುತು ಹಿಡಿದರೆ ಉಳಿದವು ತಾವೇ ಪಕ್ಕಕ್ಕೆ ಸರಿಯುತ್ತವೆ. ಅಂಚು ಮಡಚಿ ಕೋಶಗಳನ್ನು ಮುಚ್ಚಿದ್ದರೆ ಕೈಲಾಂತಿಸ್ ಎಂಬ ಬೇರೆ ಜರೀಗಿಡದ ಗುಂಪಿನದು. ದೇಟು ಕಪ್ಪು ತಂತಿಯಂತಿದ್ದು, ಅಂಚಿನ ಮಡಿಕೆಯ ಒಳಮೈಯಲ್ಲೇ ಕೋಶಗಳಿದ್ದರೆ ಅಡಿಯಾಂಟಮ್. ಎಲೆಯಡಿ ಬಿಳಿ ಹಿಟ್ಟಿದ್ದರೆ ಬೆಳ್ಳಿ ಜರೀಗಿಡ, ಅಂದರೆ ಪಿಟಿರೋಗ್ರಾಮ. ಕಾಫಿ ತೋಟದ ಕಡೆ ಬೆಳೆದವರು ಇದರ ಎಲೆಯನ್ನು ಮುಂಗೈ ಮೇಲಿಟ್ಟು ಪಟ್ ಅಂತ ಹೊಡೆದು ಬಿಳಿ ಅಚ್ಚು ಮೂಡಿಸಿಕೊಂಡಿರುತ್ತಾರೆ, ಅಲ್ವಾ? ಆ ಗಿಡ ಅಮೆರಿಕದ ಉಷ್ಣವಲಯದಿಂದ ಬಂದು ಇಲ್ಲಿ ನೆಲೆಸಿದ್ದು. ನಮ್ಮ ಪುಟ್ಟ ಗಿಡಕ್ಕೆ ಅದು ಹತ್ತಿರದ ನೆಂಟ.

ನೆಂಟಸ್ತನದ ವಿಷಯ ಬಂದಿದ್ದರಿಂದ ಒಣಗಿಸಿಟ್ಟ ಮಾದರಿಯ ಲೇಬಲ್ ಮೇಲೆ ಏನು ಬರೆಯಬೇಕು ಎಂದು ಇಲ್ಲೇ ಹೇಳಿಬಿಡುತ್ತೇನೆ. ಒಣಗಿದ ಗಿಡ ಅಂಟಿಸಿಟ್ಟ ಹಳೆಯ ಹಾಳೆಗಳಲ್ಲಿ ಈ ಗಿಡಕ್ಕೆ ಬೇರೆ ಬೇರೆ ಹೆಸರಿರುತ್ತವೆ, ಗಾಬರಿ ಬೇಡ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಪಾಲಿಪೋಡಿಯಂ ಎಂಬ ದೊಡ್ಡ ಚೀಲಕ್ಕೆ ಹಾಕಿದ್ದ. ಆಗ ಕಂಡಕಂಡ ಜರೀಗಿಡಗಳೆಲ್ಲ ಅಲ್ಲಿಗೇ ಹೋಗುತ್ತಿದ್ದವು. ಅನೋಗ್ರಾಮ ಕುಲಕ್ಕೆ ಸೇರಿಸಿ ಈಗಿನ ಹೆಸರು ಕೊಟ್ಟವನು ಜರ್ಮನಿಯ ಲಿಂಕ್, 1841ರಲ್ಲಿ. ಆದರೂ ದಕ್ಷಿಣ ಭಾರತದ ಜರೀಗಿಡಗಳ ಚಿತ್ರ ಬರೆಸಿ ದಾಖಲಿಸಿದ ಅರಣ್ಯಾಧಿಕಾರಿ ಬೆಡ್ಡೋಮ್ 1883ರಲ್ಲೂ ಜಿಮ್ನೋಗ್ರಾಮ ಎಂದೇ ಬರೆದ. ಕುಟುಂಬದ ಹೆಸರಂತೂ ಇನ್ನೂ ಜಾಸ್ತಿ ಓಡಾಡಿದೆ. ಕೆಲವು ಕಡೆ ಹೆಮಿಯೋನಿಟಿಡೇಸಿ, ಕೆಲವು ಕಡೆ ಅಡಿಯಾಂಟೇಸಿ ಎಂದು ಕಾಣುತ್ತದೆ. ಜಗತ್ತಿನ ಜರೀಗಿಡ ತಜ್ಞರು ಒಟ್ಟಾಗಿ 2016ರಲ್ಲಿ ಮಾಡಿದ ವರ್ಗೀಕರಣದ ಪ್ರಕಾರ ಇದು ಟೆರಿಡೇಸಿ ಕುಟುಂಬ, ಟೆರಿಡಾಯ್ಡಿ ಉಪಕುಟುಂಬ. ಲೇಬಲ್‌ಗೆ ಟೆರಿಡೇಸಿ ಅಂತ ಬರೆದರೆ ಸಾಕು. ಹಳೆಯ ಲೇಬಲ್ ಮೇಲೆ ಮಾತ್ರ ಗೀಟು ಹಾಕಬೇಡಿ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸಿ, ತಾರೀಕು ಹಾಕಿ.

ಈ ಕುಲದಲ್ಲಿ ಹಿಂದೆ ಇನ್ನೂ ಕೆಲವು ಪ್ರಭೇದಗಳಿದ್ದವು. ಡಿಎನ್‌ಎ ನೋಡಿದಾಗ ಅವೆಲ್ಲ ಒಂದೇ ಮನೆಯವಲ್ಲ ಎಂದು ಗೊತ್ತಾಯಿತು. ಅಸೆನ್ಷನ್ ದ್ವೀಪದ ಪುಟ್ಟ ಜರೀಗಿಡದ ಕತೆ ನನಗೆ ಇಷ್ಟ. ದಕ್ಷಿಣ ಅಟ್ಲಾಂಟಿಕ್ ನಡುವಿನ ಆ ದ್ವೀಪ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲದ ಗಿಡ ಅದು. 2003ರಲ್ಲಿ ಅಳಿದೇಹೋಯಿತು ಎಂದು ಘೋಷಿಸಿದ್ದರು. 2009ರಲ್ಲಿ ಗ್ರೀನ್ ಮೌಂಟನ್ ಇಳಿಜಾರಿನಲ್ಲಿ ಬೆರಳೆಣಿಕೆಯಷ್ಟು ಗಿಡಗಳು ಮತ್ತೆ ಸಿಕ್ಕವು. ಅಲ್ಲಿಂದ ಒಯ್ದ ಬೀಜಕಗಳಿಂದ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಸಸಿ ಮಾಡಿದರು. ಆಗ ಅದರ ಹೆಸರು ಅನೋಗ್ರಾಮ ಅಸೆನ್ಷಿಯೋನಿಸ್. 2017ರಲ್ಲಿ ಅದನ್ನು ಗ್ಯಾಸ್ಟೋನಿಯೆಲ್ಲ ಎಂಬ ಹೊಸ ಕುಲಕ್ಕೆ ಸೇರಿಸಿದರು.

ನಮ್ಮ ಗಿಡದ ಹರವು ಇದಕ್ಕೆ ಪೂರ್ತಿ ಉಲ್ಟಾ. ಮೆಡಿಟರೇನಿಯನ್ ಸುತ್ತಲಿನ ದೇಶಗಳು, ಕೆನರಿ ಮತ್ತು ಮದೀರಾ ದ್ವೀಪಗಳು, ಫ್ರಾನ್ಸಿನ ದಡಕ್ಕೆ ಹತ್ತಿರದ ಜರ್ಸಿ ದ್ವೀಪ, ಆಫ್ರಿಕದ ಎತ್ತರದ ಬೆಟ್ಟಗಳು, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಇತ್ತ ಹಿಮಾಲಯ, ನೀಲಗಿರಿ. ಇಂಗ್ಲಿಷರು ಇದನ್ನು ಜರ್ಸಿ ಫರ್ನ್ ಅನ್ನುವುದು ಅದಕ್ಕೇ. ಭೂಪಟದಲ್ಲಿ ಚುಕ್ಕಿ ಇಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ. ಆದರೆ ಬಹುಪಾಲು ಜಾಗಗಳ ಸ್ವಭಾವ ನೋಡಿ: ತಂಪು, ಒಂದು ಒದ್ದೆಯ ಕಾಲ, ಆಮೇಲೆ ಒಂದು ಒಣ ಕಾಲ. ಬೀಜಕ ಗಾಳಿಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಹುದು. ನೆಲೆಯೂರುವುದು ಮಾತ್ರ ಇಂಥ ಕಡೆ.

ಒಣ ಕಾಲದಲ್ಲಿ ಗಿಡವೇ ಇಲ್ಲದಿದ್ದರೆ ಮುಂದಿನ ವರ್ಷ ಅದೇ ಗೋಡೆಯಲ್ಲಿ ಮತ್ತೆ ಹೇಗೆ ಬರುತ್ತದೆ? ಬೀಜಕದಿಂದ ಅಂತ ಮಕ್ಕಳು ಹೇಳುತ್ತಾರೆ. ಅರ್ಧ ಸರಿ. ಬೀಜಕ ಮೊಳೆತಾಗ ಮೊದಲು ಬರುವುದು ಪ್ರೋಥ್ಯಾಲಸ್ ಎಂಬ ತೆಳು ಹಸಿರು ಪೊರೆ. ಬೇರೆ ಹೆಚ್ಚಿನ ಜರೀಗಿಡಗಳಲ್ಲಿ ಅದು ಬಂದು ಹೋಗುವ ಅತಿಥಿ, ಗಿಡ ವರ್ಷಗಟ್ಟಲೆ ಇರುತ್ತದೆ. ಇಲ್ಲಿ ಗಿಡವೇ ಅತಿಥಿ. ಪ್ರೋಥ್ಯಾಲಸ್ ಪುಟಾಣಿ ಗೆಡ್ಡೆ ಕಟ್ಟಿಕೊಂಡು ಮಣ್ಣಿನಲ್ಲಿ ಒಣ ಕಾಲ ಕಳೆಯುತ್ತದೆ, ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಗೋಬೆಲ್ ಇದನ್ನು 1877ರಲ್ಲೇ ವಿವರವಾಗಿ ಬರೆದ.

ಇದು ತಿಳಿದ ಮೇಲೆ ಗಿಡ ಕೀಳುವ ಕೈ ತಾನಾಗಿಯೇ ತಡೆಯಬೇಕು. ಮಣ್ಣಿನ ಹೆಂಟೆ ಸಮೇತ ಕಿತ್ತರೆ ಮುಂದಿನ ವರ್ಷಗಳ ಗಿಡವನ್ನೂ ಕಿತ್ತಂತೆ. ಫೋಟೋ ಸಾಕು: ಒಂದು ಪೂರ್ತಿ ಗಿಡದ್ದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಂದು ಎಲೆಯಡಿಯದ್ದು, ಒಂದು ಆ ಗೋಡೆಯದ್ದು. ಮಾದರಿ ಬೇಕೇ ಬೇಕು ಅನ್ನುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಬಲಿತ ಎಲೆ ಒಂದನ್ನು ಕತ್ತರಿಯಿಂದ ಕತ್ತರಿಸಿಕೊಳ್ಳಿ. ಅಡಿಭಾಗ ಕೆಳಗೆ ಬರುವಂತೆ ಬಿಳಿ ಹಾಳೆ ಮೇಲಿಟ್ಟು, ಪುಸ್ತಕ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಕಂದು ಪುಡಿ ಉದುರಿರುತ್ತದೆ. ಅದನ್ನು ಕಾಗದದ ಪೊಟ್ಟಣಕ್ಕೆ ಹಾಕಿ, ಪ್ಲಾಸ್ಟಿಕ್ ಬೇಡ, ಬೂಷ್ಟು ಬರುತ್ತದೆ. ಲೇಬಲ್‌ನಲ್ಲಿ ಊರಿನ ಜೊತೆ ಎತ್ತರವನ್ನೂ ಬರೆಯಿರಿ, ಗೋಡೆ ಯಾವ ದಿಕ್ಕಿಗೆ ಮುಖ ಮಾಡಿತ್ತು ಅಂತಲೂ ಬರೆಯಿರಿ. ಈ ಎರಡನೆಯದನ್ನು ಹೆಚ್ಚಿನವರು ಬಿಡುತ್ತಾರೆ, ಮುಂದಿನ ವರ್ಷ ಹುಡುಕುವಾಗ ಅದೇ ಉಪಯೋಗಕ್ಕೆ ಬರುವುದು.

ಬೆಟ್ಟ ಹತ್ತಲು ಆಗದವರಿಗೆ ಊರಿನ ಹತ್ತಿರವೇ ಇದೇ ಕುಟುಂಬದ ಇನ್ನೊಂದು ವಾರ್ಷಿಕ ಜರೀಗಿಡ ಇದೆ, ಸೆರಾಟೋಪ್ಟೆರಿಸ್. ಗದ್ದೆಯ ಅಂಚು, ಕೆರೆಯ ಕೆಸರು, ಚರಂಡಿ ಪಕ್ಕ ನೋಡಿ. ದೇಟು ದಪ್ಪ, ಒಳಗೆ ಗಾಳಿಗೂಡು, ಅದುಮಿದರೆ ಮೆತ್ತಗಿರುತ್ತದೆ. ಎಲೆಯ ಅಂಚು ಹಿಂದಕ್ಕೆ ಸುತ್ತಿ ಬೀಜಕಕೋಶಗಳನ್ನು ಮುಚ್ಚಿರುತ್ತದೆ. ಆ ಸುತ್ತಿದ ಅಂಚನ್ನು ಗುಂಡುಸೂಜಿಯಿಂದ ಬಿಡಿಸಿ ಲೆನ್ಸ್ ಹಿಡಿದರೆ ಕೋಶಗಳು ಒಂದೊಂದಾಗಿ ಕಾಣುತ್ತವೆ, ಕಲಿಯುವವರಿಗೆ ಅನೋಗ್ರಾಮಕ್ಕಿಂತ ಸುಲಭ. ಗದ್ದೆಗೆ ಔಷಧಿ ಹೊಡೆದಿದ್ದಾರಾ ಎಂದು ಕೇಳಿಕೊಂಡು ಕೈ ಹಾಕಿ.