ತೀರಿಹೋದ ಅಮ್ಮನ ರೇಷ್ಮೆ ಸೀರೆ ಹಾಳಾಗದಿರಲು

ನೆನಪಿಗೆಂದು ಬೀರುವಿನಲ್ಲಿ ಮುಟ್ಟದೆ ಇಟ್ಟರೆ ಸೀರೆ ಉಳಿಯುವುದಿಲ್ಲ. ಅಮ್ಮಂದಿರು ಹಳೇ ಪಂಚೆಯಲ್ಲಿ ಸುತ್ತಿಡುತ್ತಿದ್ದ ಕ್ರಮವೇ ಸರಿ. ಪ್ಲಾಸ್ಟಿಕ್ ಕವರ್‌ನಲ್ಲಿ ತೇವ ನಿಂತು ಜರಿ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಸುತ್ತುವ ಬಟ್ಟೆಗೆ ಗಂಜಿ ಬೇಡ, ಹುಳು ಬರುತ್ತದೆ.

3 ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಒಂದು ಗಂಟೆ ಗಾಳಿಗೆ ಹರವಿ, ಹಳೇ ಗೆರೆ ಬಿಟ್ಟು ಬೇರೆ ಕಡೆ ಮಡಚಿ. ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ: ಹಳೇ ರೇಷ್ಮೆ ಸೀಳುವುದು ಹೆಚ್ಚಾಗಿ ಮಡಚಿದ ಗೆರೆಯಲ್ಲೇ, ಅದರಲ್ಲೂ ಜರಿ ಅಂಚಿನ ಹತ್ತಿರ. ಮಡಿಕೆಯೊಳಗೆ ಹತ್ತಿ ಬಟ್ಟೆಯ ಸುರುಳಿ ಇಟ್ಟರೆ ಗೆರೆ ಆಳವಾಗದು.

ನುಸಿಗುಳಿಗೆ ಜರಿಗೆ ತಾಗದಂತೆ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ. ಹ್ಯಾಂಗರ್‌ಗೆ ತೂಗುಹಾಕಬೇಡಿ, ಜರಿಯ ಭಾರಕ್ಕೆ ಎಳೆ ಜಗ್ಗುತ್ತದೆ. ಆಗಲೇ ಸೀಳಿದ್ದರೆ ಹಿಂಬದಿಗೆ ತೆಳು ಮಲ್‌ಮಲ್ ಕೊಟ್ಟು, ರೇಷ್ಮೆ ದಾರದಲ್ಲಿ ಕೈಹೊಲಿಗೆ ಹಾಕಿಸಿ.