ಒಂದು ಪಿಕ್ಸೆಲ್, ಒಂದು ಗುಂಟೆ: ಬಿ.ಎ. ಜೊತೆಗೆ ಜಿಐಎಸ್ ಸರ್ಟಿಫಿಕೇಟ್ ಮಾಡಿದ ನನ್ನ ಅನುಭವ

2017ರಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಇತಿಹಾಸ, ಅರ್ಥಶಾಸ್ತ್ರ, ಭೂಗೋಳ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಮೂರು ಸರ್ಟಿಫಿಕೇಟ್ ಕೋರ್ಸ್‌ಗಳ ಚೀಟಿ ಅಂಟಿಸಿದ್ದರು: ಟ್ಯಾಲಿ, ಸ್ಪೋಕನ್ ಇಂಗ್ಲಿಷ್, ರಿಮೋಟ್ ಸೆನ್ಸಿಂಗ್ ಮತ್ತು ಜಿಐಎಸ್ (ಉಪಗ್ರಹ ಚಿತ್ರಗಳಿಂದ ನೆಲವನ್ನು ಅರಿಯುವುದು, ಕಂಪ್ಯೂಟರಿನಲ್ಲಿ ನಕ್ಷೆ ಮಾಡಿ ಲೆಕ್ಕ ಹಾಕುವುದು). ಗೆಳತಿಯರೆಲ್ಲ ಮೊದಲೆರಡಕ್ಕೆ ಹೆಸರು ಕೊಟ್ಟರು. ನಾನು ಮೂರನೆಯದಕ್ಕೆ ಕೊಟ್ಟೆ. ದೊಡ್ಡ ಯೋಚನೆಯೇನೂ ಮಾಡಿರಲಿಲ್ಲ. ಭೂಗೋಳದಲ್ಲಿ ನಕ್ಷೆ ಬಿಡಿಸುವುದು ನನಗೆ ಇಷ್ಟವಿತ್ತು, ಅಷ್ಟೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಕಾಲೇಜು ಕೋಲಾರದಲ್ಲಿ. ಸರ್ಟಿಫಿಕೇಟ್ ತರಗತಿ ಸಂಜೆ 4ರಿಂದ 6ರವರೆಗೆ, ವಾರಕ್ಕೆ ಮೂರು ದಿನ. ಮನೆ ಸೇರುವಾಗ ಕತ್ತಲಾಗಿರುತ್ತಿತ್ತು. ಅಪ್ಪ ಆರು ಸಾವಿರ ಫೀಸು ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದರು: "ಇದ್ರಿಂದ ಏನ್ ಕೆಲಸ ಸಿಗತ್ತಮ್ಮ?" ನನಗೆ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರವಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಬಂದ ಮೇಲೆ 'ಯುಜಿ ಸರ್ಟಿಫಿಕೇಟ್' ಎಂಬ ಮಾತಿಗೆ ಬೇರೆ ಅರ್ಥ ಬಂತು. ನಾಲ್ಕು ವರ್ಷದ ಪದವಿಯನ್ನು ಒಂದು ವರ್ಷಕ್ಕೇ ಬಿಟ್ಟು ಹೊರಡುವವರಿಗೆ ಕೊಡುವ ಪತ್ರವದು. ಕರ್ನಾಟಕದಲ್ಲಿ ಆ ಪದ್ಧತಿ 2021-22ರಲ್ಲಿ ಜಾರಿಗೆ ಬಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಯೇ ಆಯಿತು. ನಾನು ಹೇಳುತ್ತಿರುವುದು ಪದವಿ ಬಿಡದೆ ಅದರ ಪಕ್ಕದಲ್ಲಿ ಮಾಡುವ ಕೋರ್ಸ್ ವಿಷಯ. ಎರಡನ್ನೂ ಒಂದೇ ಎಂದುಕೊಂಡು ಪದವಿ ಅರ್ಧಕ್ಕೆ ಬಿಡಬೇಡಿ. ನನ್ನ ಕೆಲಸದ ಆಯ್ಕೆಯ ಮೊದಲ ಸುತ್ತಿನಲ್ಲಿ ಕಂಪನಿಯವರು ನೋಡಿದ್ದು ಪದವಿಯ ಶೇಕಡಾವಾರು ಅಂಕ ಮಾತ್ರ. ಸರ್ಟಿಫಿಕೇಟ್ ಲೆಕ್ಕಕ್ಕೆ ಬಂದದ್ದು ಆಮೇಲೆ.

ಮೊದಲ ಎರಡು ತಿಂಗಳು ನನಗೆ ಏನೂ ಹತ್ತಲಿಲ್ಲ. ಹತ್ತನೇ ತರಗತಿಯವರೆಗೂ, ಆಮೇಲೂ ಕನ್ನಡ ಮಾಧ್ಯಮದಲ್ಲೇ ಓದಿದವಳು ನಾನು. ರಾಸ್ಟರ್, ವೆಕ್ಟರ್, ಪ್ರೊಜೆಕ್ಷನ್, ಡೇಟಮ್ ಎಂದು ಮೇಡಂ ಬರೆಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಲ್ಯಾಬಿನಲ್ಲಿ ಒಂದು ಕಂಪ್ಯೂಟರ್‌ಗೆ ಮೂವರು. ಮೌಸ್ ಕೈಗೆ ಸಿಗುವುದೇ ಅಪರೂಪ. ಸಾಫ್ಟ್‌ವೇರ್ ಮಾತ್ರ ಕ್ಯೂಜಿಐಎಸ್. ಅದು ಉಚಿತ, ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಹಾಗಾಗಿ ಊರಲ್ಲಿ ಚಿಕ್ಕಪ್ಪನ ಮಗ ನಡೆಸುತ್ತಿದ್ದ ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಅದನ್ನು ಹಾಕಿಕೊಂಡೆ. ಅವನು ಊಟಕ್ಕೆ ಹೋದಾಗ, ಅಂಗಡಿ ಮುಚ್ಚುವ ಹೊತ್ತಿಗೆ, ಭಾನುವಾರ ಬೆಳಿಗ್ಗೆ, ಹೀಗೆ ಕೂತು ಕಲಿತೆ. ಕೋರ್ಸ್ ಸೇರುವ ಮೊದಲು ಕೇಳಿಕೊಳ್ಳಬೇಕಾದದ್ದು ಇದೇ: ಲ್ಯಾಬಿನಲ್ಲಿ ನನ್ನ ಕೈಗೆ ಎಷ್ಟು ಗಂಟೆ ಸಿಗುತ್ತದೆ? ಕಲಿಸುವ ಸಾಫ್ಟ್‌ವೇರ್ ಮನೆಯಲ್ಲೂ ಹಾಕಿಕೊಳ್ಳಬಹುದಾ? ಹಾಕಿಕೊಳ್ಳಲಾಗದಿದ್ದರೆ ಕೋರ್ಸ್ ಮುಗಿದ ತಿಂಗಳಿಗೆ ಕೈ ಮರೆಯುತ್ತದೆ.

ನನಗೆ ಕಣ್ಣು ತೆರೆಸಿದ್ದು ಒಂದು ಲೆಕ್ಕ. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ಇದನ್ನು ಬರೆದುಕೊಂಡ ದಿನ ಮನೆಯಲ್ಲಿ ಅಪ್ಪ ಯಾವುದೋ ಸಾಲದ ಅರ್ಜಿಗೆ ಪಹಣಿ ತೆಗೆದಿಟ್ಟಿದ್ದರು. ನಮ್ಮ ಕಡೆ ಸರ್ವೆಯ ಹಳೇ ಸರಪಳಿ 33 ಅಡಿ. ಒಂದು ಸರಪಳಿ ಚೌಕ ಒಂದು ಗುಂಟೆ, ಅಂದರೆ 1,089 ಚದರ ಅಡಿ. 40 ಗುಂಟೆ ಒಂದು ಎಕರೆ. ಸುಮ್ಮನೆ ಮೀಟರಿಗೆ ತಿರುಗಿಸಿ ನೋಡಿದೆ. 33 ಅಡಿ ಎಂದರೆ 10.06 ಮೀಟರ್. ಒಂದು ಗುಂಟೆ ಎಂದರೆ 101 ಚದರ ಮೀಟರ್‌ಗೆ ತುಸು ಮೇಲೆ.

ಒಂದು ಪಿಕ್ಸೆಲ್ ಹೆಚ್ಚುಕಡಿಮೆ ಒಂದು ಗುಂಟೆ! ವ್ಯತ್ಯಾಸ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು, ಅಷ್ಟೇ. ಸುಮಾರು 786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ನಮ್ಮ ಅಪ್ಪನ ಲೆಕ್ಕದಲ್ಲೇ ನೆಲ ಅಳೆಯುತ್ತಿದೆ ಅನ್ನಿಸಿತು. ಅಲ್ಲಿಂದ ಮುಂದೆ ಪರದೆಯ ಮೇಲಿನ ಚೌಕಗಳು ನನಗೆ ಬಣ್ಣದ ಚುಕ್ಕೆಗಳಾಗಿ ಕಾಣಲೇ ಇಲ್ಲ. ಗುಂಟೆಗಳಾಗಿ ಕಂಡವು. ನಲವತ್ತು ಚೌಕ ನೋಡಿದರೆ ಒಂದು ಎಕರೆ ಹೊಲ ಮನಸ್ಸಿಗೆ ಬರುತ್ತಿತ್ತು. ಪಟ್ಟಣದಲ್ಲಿ ಬೆಳೆದ ನನ್ನ ಸಹಪಾಠಿಗಳಿಗೆ ಇಲ್ಲದ್ದೊಂದು ನನ್ನ ಬಳಿ ಇದೆ ಎಂದು ಮೊದಲ ಬಾರಿ ಗೊತ್ತಾಯಿತು.

ಕೋರ್ಸಿನ ಕೊನೆಗೆ ಒಂದು ಪ್ರಾಜೆಕ್ಟ್ ಕೊಡಬೇಕಿತ್ತು. ಹೆಚ್ಚಿನವರು ಜಿಲ್ಲೆಯ ಜನಸಾಂದ್ರತೆಯ ನಕ್ಷೆ ಮಾಡಿದರು. ಅದಕ್ಕೆ ಅಂಕಿಅಂಶ ಸಿದ್ಧವಾಗಿ ಸಿಗುತ್ತದೆ, ಒಂದು ವಾರದ ಕೆಲಸ. ನಾನು ನಮ್ಮೂರ ಕೆರೆ ತೆಗೆದುಕೊಂಡೆ. ಪಹಣಿಯಲ್ಲಿ ಅದು 86 ಎಕರೆ 20 ಗುಂಟೆ. ಈಗ ನೀರು ನಿಲ್ಲುವುದು ಎಷ್ಟು ಎಕರೆಯಲ್ಲಿ? ಇದು ನನ್ನ ಪ್ರಶ್ನೆ.

ನೀರನ್ನು ಚಿತ್ರದಲ್ಲಿ ಹುಡುಕುವ ಉಪಾಯ ಸರಳ. ನೀರು ಹಸಿರು ಬೆಳಕನ್ನು ಸ್ವಲ್ಪ ಹಿಂತಿರುಗಿಸುತ್ತದೆ, ಕಣ್ಣಿಗೆ ಕಾಣದ ಸಮೀಪ ಅವಗೆಂಪು ಕಿರಣವನ್ನು ಬಹುತೇಕ ನುಂಗಿಬಿಡುತ್ತದೆ. ಉಪಗ್ರಹ ಒಂದೊಂದು ಬಗೆಯ ಬೆಳಕನ್ನು ಒಂದೊಂದು ಬ್ಯಾಂಡಿನಲ್ಲಿ ಬೇರೆ ಬೇರೆಯಾಗಿ ದಾಖಲಿಸುತ್ತದೆ. ಸೆಂಟಿನೆಲ್-2ರಲ್ಲಿ ಹಸಿರಿನದು 3ನೇ ಬ್ಯಾಂಡ್, ಅವಗೆಂಪಿನದು 8ನೇ ಬ್ಯಾಂಡ್. ಹಸಿರಿನಿಂದ ಅವಗೆಂಪನ್ನು ಕಳೆದು, ಉಳಿದದ್ದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆ ಎನ್‌ಡಿಡಬ್ಲ್ಯುಐ, ನೀರನ್ನು ಗುರುತಿಸುವ ಸೂಚ್ಯಂಕ. ಸೊನ್ನೆಗಿಂತ ಮೇಲಿದ್ದರೆ ಸಾಮಾನ್ಯವಾಗಿ ನೀರು. 2018ರ ಜನವರಿಯ ಒಂದು ಮೋಡವಿಲ್ಲದ ದಿನದ ಚಿತ್ರ ಇಳಿಸಿಕೊಂಡೆ. ಒಂದು ಫೈಲ್ 700 ಎಂಬಿ, ಮೊಬೈಲಿನ ಆ ದಿನದ ಡೇಟಾದ ಹೆಚ್ಚುಪಾಲು ಅದಕ್ಕೇ ಹೋಯಿತು. ಲೆಕ್ಕ ಹಾಕಿದರೆ 1,943 ಪಿಕ್ಸೆಲ್ ನೀರು, ಅಂದರೆ ಸುಮಾರು 48 ಎಕರೆ. ಅಚ್ಚುಕಟ್ಟಾದ ನೀಲಿ ನಕ್ಷೆ ಬಂತು. ಮುದ್ರಿಸಿಕೊಂಡು ಊರಿಗೆ ತಂದೆ.

ಊರಲ್ಲಿ ಹಿಂದೆ ನೀರುಗಂಟಿ ಕೆಲಸ ಮಾಡುತ್ತಿದ್ದ ತಾತ ಒಬ್ಬರಿದ್ದರು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆನ್ನುವುದು ಎಲ್ಲ ಅವರ ಕೈಯಲ್ಲಿತ್ತು. ಹಿಂದೊಮ್ಮೆ ಕೆರೆ ಒಣಗಿದಾಗ ಆ ಕೆಲಸವೂ ನಿಂತಿತ್ತು. ಅವರಿಗೆ ನಕ್ಷೆ ತೋರಿಸಿದೆ. ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಏರಿ ಯಾವುದು ಎಂದು ತಾವೇ ಗುರುತು ಹಿಡಿದು, ಬಡಗಣ ಮೂಲೆಯಲ್ಲಿ ಬೆರಳಿಟ್ಟರು.

"ಇಲ್ಲಿ ಬಿಳಿ ಯಾಕ್ ಬಿಟ್ಟಿದ್ದೀಯಮ್ಮ?"

"ಅಲ್ಲಿ ನೀರಿಲ್ಲ ತಾತ. ಚಿತ್ರದಲ್ಲಿ ಹಸಿರು ಕಾಣ್ತದೆ."

"ಹಸಿರು ಕಾಣೋದು ಜೊಂಡು. ಅದರ ಅಡೀಲಿ ನನ್ನ ಮೊಣಕಾಲು ಮುಳುಗೋಷ್ಟು ನೀರದೆ. ಬಾ, ತೋರಿಸ್ತೀನಿ."

ಅವತ್ತು ಮತ್ತು ಮರುದಿನ ಅವರ ಜೊತೆ ಕೆರೆ ಸುತ್ತಿದೆ. ಜೊಂಡು ಅವಗೆಂಪು ಕಿರಣವನ್ನು ಜೋರಾಗಿ ಹಿಂತಿರುಗಿಸುವುದರಿಂದ ಅದರ ಕೆಳಗಿನ ನೀರು ಉಪಗ್ರಹಕ್ಕೆ ಕಾಣುವುದಿಲ್ಲ. ಇದು ಪುಸ್ತಕದಲ್ಲೂ ಇತ್ತು, ನಾನು ಓದಿ ದಾಟಿಹೋಗಿದ್ದೆ. ಜೊಂಡಿನ ಅಂಚಿನಲ್ಲಿ ನಡೆಯುತ್ತ ಫೋನಿನ ಜಿಪಿಎಸ್‌ನಲ್ಲಿ ಬಿಂದು ಗುರುತಿಸಿಕೊಂಡೆ. ಜೊಂಡು ಸೇರಿಸಿದರೆ ನೀರು 61 ಎಕರೆ. ಇನ್ನೊಂದು ಕಡೆ ನನ್ನ ನಕ್ಷೆ 'ಪುಟ್ಟ ಕೆರೆ' ಎಂದು ತೋರಿಸಿದ್ದು ಕಲ್ಲು ಕ್ವಾರಿಯ ಗುಂಡಿ. ಮೂರು ಒಂಟಿ ಪಿಕ್ಸೆಲ್‌ಗಳು ಕೃಷಿಹೊಂಡಗಳು. ಉಳಿದ 25 ಎಕರೆಯಲ್ಲಿ ಹೂಳು, ಜಾಲಿ, ಒಂದಷ್ಟು ಸಾಗುವಳಿ. ತಾತ ಪ್ರತಿ ಜಾಗಕ್ಕೂ ಹೆಸರು ಹೇಳುತ್ತ ಹೋದರು: ಕೋಡಿ ಬಂಡೆ, ದೊಡ್ಡ ತೂಬು, ಚಿಕ್ಕ ತೂಬು, ಮಡಿವಾಳರ ಕಲ್ಲು. ಎಲ್ಲವನ್ನೂ ಕ್ಯೂಜಿಐಎಸ್‌ನ ಪಟ್ಟಿಯಲ್ಲಿ ಕನ್ನಡದಲ್ಲೇ ಸೇರಿಸಿದೆ. ಯಾವ ಸರ್ಕಾರಿ ನಕ್ಷೆಯಲ್ಲೂ ನಾನು ಆ ಹೆಸರುಗಳನ್ನು ಕಂಡಿರಲಿಲ್ಲ.

ಆದರೆ ಆ ಬಿಂದುಗಳನ್ನು ಕಂಪ್ಯೂಟರಿಗೆ ಹಾಕಿದಾಗ ನಮ್ಮೂರ ಕೆರೆ ಅರಬ್ಬೀ ಸಮುದ್ರದಲ್ಲಿ, ಉಡುಪಿಯಿಂದಲೂ ಬಹು ದೂರ ಪಶ್ಚಿಮಕ್ಕೆ ಹೋಗಿ ಕೂತಿತ್ತು. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ಕಾರಣ ಇಷ್ಟೆ: ಭೂಮಿಯನ್ನು 6 ಡಿಗ್ರಿ ಅಗಲದ ಪಟ್ಟಿಗಳಾಗಿ ಸೀಳಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಕರ್ನಾಟಕದ ಬಹುಭಾಗ 43ನೇ ವಲಯಕ್ಕೆ ಬರುತ್ತದೆ. ಅದು 78 ಡಿಗ್ರಿ ಪೂರ್ವ ರೇಖಾಂಶಕ್ಕೆ ಮುಗಿಯುತ್ತದೆ. ಬೆಂಗಳೂರು 77.6, ಅದರೊಳಗೆ. ಕೋಲಾರ 78.1, ಮುಳಬಾಗಿಲು 78.4, ಆಚೆ. ನಮ್ಮದು 44ನೇ ವಲಯ. ಫೋನ್ ಸರಿಯಾಗಿ 44 ಎಂದೇ ಬರೆದುಕೊಂಡಿತ್ತು, ನಾನು ನೋಟ್ಸಿನಲ್ಲಿದ್ದಂತೆ 43 ಎಂದು ಕೊಟ್ಟಿದ್ದೆ. ಇಡೀ ಊರು 6 ಡಿಗ್ರಿ, ಸುಮಾರು 650 ಕಿಲೋಮೀಟರ್ ಸರಿದುಬಿಟ್ಟಿತು. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಈ ಪ್ರೊಜೆಕ್ಷನ್ ಎಂದರೇನು ಎಂದು ನನಗೆ ನಿಜವಾಗಿ ಅರ್ಥವಾದದ್ದು ಆ ಎರಡು ರಾತ್ರಿಗಳಲ್ಲಿ. ಇವತ್ತಿಗೂ ಯಾರಾದರೂ ಫೈಲ್ ಕಳಿಸಿದರೆ ನಾನು ಮೊದಲು ನೋಡುವುದು ವಲಯವನ್ನು.

ಗ್ರಾಮನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವುದಂತೂ ಬೇರೆಯೇ ಸಾಹಸ. ನಮ್ಮ ಗ್ರಾಮನಕ್ಷೆಗಳು 1:7,920 ಅಳತೆಯವು, ಅಂದರೆ ಒಂದು ಅಂಗುಲಕ್ಕೆ 20 ಸರಪಳಿ. ಹಳೆಯ ಹಾಳೆ ಮಡಿಕೆಯಲ್ಲಿ ಎಳೆದುಕೊಂಡಿರುತ್ತದೆ, ಕುಗ್ಗಿರುತ್ತದೆ. ರಸ್ತೆಯನ್ನು ಆಧಾರವಾಗಿ ಹಿಡಿದರೆ ಕೆಟ್ಟಿರಿ, ರಸ್ತೆ ಅಗಲವಾಗುತ್ತ ಸರಿದಿರುತ್ತದೆ. ಮೂರು ಊರಿನ ಗಡಿ ಸೇರುವ ಕಲ್ಲು, ಕೆರೆ ಏರಿಯ ತುದಿ, ಹಳೇ ದೇವಸ್ಥಾನ, ಇವನ್ನು ಹಿಡಿದರೆ ಕೂರುತ್ತದೆ. ಹೀಗೆ ಕೂರಿಸಿದ ನಕ್ಷೆ ಅಧ್ಯಯನಕ್ಕೆ ಸರಿ, ಯಾರ ಹದ್ದುಬಸ್ತಿಗೂ (ಜಮೀನಿನ ಗಡಿ ಗುರುತಿಸುವುದಕ್ಕೂ) ಅದನ್ನು ಮುಂದಿಡಬಾರದು. ಜಿಐಎಸ್ ಸರ್ಟಿಫಿಕೇಟ್ ಇದ್ದರೆ ಸರ್ವೆಯರ್ ಆದಂತೆ ಎಂದು ಊರಲ್ಲಿ ಹಲವರು ತಿಳಿದಿದ್ದಾರೆ. ಭೂಮಾಪಕರ ಪರವಾನಗಿಯೇ ಬೇರೆ, ಅದಕ್ಕೆ ಬೇರೆಯೇ ಅರ್ಹತೆ, ತರಬೇತಿ ಬೇಕು.

ಪದವಿ ಮುಗಿಸಿ 2019ರಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿಗೆ ಸೇರಿದೆ. ತಿಂಗಳಿಗೆ 11,000. ಹೊರದೇಶದ ರಸ್ತೆಗಳ ಕೆಳಗೆ ಹಾದುಹೋಗುವ ಫೈಬರ್ ಕೇಬಲ್ಲಿನ ಗೆರೆಗಳನ್ನು ಇಡೀ ದಿನ ಎಳೆಯುವ ಕೆಲಸ, ನಮ್ಮವರು ಡಿಜಿಟೈಸಿಂಗ್ ಅನ್ನುತ್ತಾರೆ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಗುರಿ. ಕಣ್ಣು ಉರಿಯುತ್ತಿತ್ತು. ನಾನು ಸುಳ್ಳು ಹೇಳಲಾರೆ: ಬರೀ ಸರ್ಟಿಫಿಕೇಟ್ ಹಿಡಿದು ಹೋದವರಿಗೆ ಹೆಚ್ಚಾಗಿ ಸಿಗುವುದು ಈ ಕೆಲಸ, ಇಲ್ಲೇ ನಿಂತರೆ ಸಂಬಳ ಏರುವುದು ಬಹಳ ನಿಧಾನ. ಈಗ ಕಟ್ಟಡಗಳ ಗೆರೆ ಎಳೆಯುವುದನ್ನು ಯಂತ್ರವೇ ಮಾಡುತ್ತಿದೆ, ಆ ಗೆರೆ ಸರಿಯೋ ತಪ್ಪೋ ಎಂದು ನೋಡುವ ಜನ ಬೇಕಾಗಿದ್ದಾರೆ. ನಮ್ಮ ಕೋರ್ಸಿನಲ್ಲಿ ಡೇಟಾಬೇಸ್ ಕಲಿಸಲಿಲ್ಲ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹೆಸರೇ ಎತ್ತಲಿಲ್ಲ. ಅದು ದೊಡ್ಡ ಕೊರತೆ. ಪೋಸ್ಟ್‌ಜಿಐಎಸ್ ಎಂಬ ನಕ್ಷೆಗಳ ಡೇಟಾಬೇಸ್ ಮತ್ತು ಪೈಥಾನ್ ಎರಡನ್ನೂ ನಾನು ಕೆಲಸದ ಮೇಲಿದ್ದು, ರಾತ್ರಿ ಕೂತು ಕಲಿಯಬೇಕಾಯಿತು. ಇಸ್ರೋದ ಅಂಗವಾದ ಡೆಹ್ರಾಡೂನ್‌ನ ಐಐಆರ್‌ಎಸ್ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ರಿಮೋಟ್ ಸೆನ್ಸಿಂಗ್) 2007ರಿಂದ ದೇಶದ ಕಾಲೇಜುಗಳಿಗೆ ದೂರದಿಂದಲೇ ಪಾಠ ಮಾಡುತ್ತಿದೆ. ಅಲ್ಲಿನ ಕಿರು ಕೋರ್ಸ್‌ಗಳು ಬಹಳ ಉಪಯೋಗಕ್ಕೆ ಬಂದವು.

ಎರಡು ವರ್ಷದ ಮೇಲೆ ಜಲಾನಯನ ಕೆಲಸ ಮಾಡುವ ಒಂದು ತಂಡಕ್ಕೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ನನ್ನ ಸರ್ಟಿಫಿಕೇಟನ್ನು ಒಮ್ಮೆ ನೋಡಿ ಮಡಿಚಿಟ್ಟರು. ಕೆರೆ ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. "ಇದರಲ್ಲಿ ಎರಡು ನೀಲಿ ಯಾಕಿದೆ?" ಎಂದು ಹಿರಿಯರೊಬ್ಬರು ಕೇಳಿದರು. ಒಂದು ಉಪಗ್ರಹ ಕಂಡ ನೀರು, ಇನ್ನೊಂದು ನೀರುಗಂಟಿ ತಾತ ತೋರಿಸಿದ ನೀರು ಎಂದೆ. ಜೊಂಡಿನ ವಿಷಯ, ಕ್ವಾರಿ ಗುಂಡಿಯ ವಿಷಯ, ವಲಯ ತಪ್ಪಿದ್ದು ಎಲ್ಲ ಹೇಳಿದೆ. ಮುಕ್ಕಾಲು ಗಂಟೆ ಆ ಒಂದು ಹಾಳೆಯ ಮೇಲೇ ಮಾತು ನಡೆಯಿತು. ಈಗಲೂ ಅದೇ ತಂಡದಲ್ಲಿದ್ದೇನೆ. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು.

ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಅಷ್ಟರಲ್ಲಿ ನನ್ನ ಕೋರ್ಸ್ ಮುಗಿದಿತ್ತು, ಅಂಕವೂ ಬಂದಿತ್ತು. ಆದರೂ ಐದೈದು ದಿನಕ್ಕೊಮ್ಮೆ ಹೊಸ ಚಿತ್ರ ಬಂದಿದೆಯಾ ಎಂದು ನೋಡುತ್ತಿದ್ದೆ. ಮಳೆಗಾಲವಾದ್ದರಿಂದ ಎಷ್ಟೋ ಚಿತ್ರಗಳಲ್ಲಿ ಮೋಡವೇ ತುಂಬಿರುತ್ತಿತ್ತು. ಮೋಡ ಸರಿದ ಒಂದು ಚಿತ್ರದಲ್ಲಿ ಒಣ ಅಂಗಳದ ನಡುವೆ ನೀಲಿ ಹಬ್ಬಿದ್ದು ಕಂಡಾಗ ಜೆರಾಕ್ಸ್ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ್ದೆ. ಆ ನೀರಿನ ಗುಣಮಟ್ಟದ ಬಗ್ಗೆ ಜನರಲ್ಲಿದ್ದ ಆತಂಕ ನನಗೂ ಇತ್ತು. ಹಾಗಿದ್ದೂ, ನಮ್ಮ ಜಿಲ್ಲೆಯ ಕೆರೆಯೊಂದರಲ್ಲಿ ಬಿರು ಬೇಸಿಗೆ ಕಳೆದ ಕೂಡಲೇ ನೀರು ಕಂಡದ್ದು ಸಣ್ಣ ಸಂಗತಿಯಲ್ಲ.

ಕಳೆದ ವರ್ಷದಿಂದ ತಿಂಗಳಿಗೆ ಎರಡು ಶನಿವಾರ ನಾನು ಓದಿದ ಕಾಲೇಜಿಗೇ ಹೋಗಿ ಇದೇ ಕೋರ್ಸಿನ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಕಂಪ್ಯೂಟರ್ ಇನ್ನೂ ಕಡಿಮೆಯೇ ಇವೆ, ಆದರೆ ಈಗ ಒಂದಕ್ಕೆ ಇಬ್ಬರು. ಈ ಸಲದ ಬ್ಯಾಚಿನಲ್ಲಿ 22 ಮಕ್ಕಳು, ಅದರಲ್ಲಿ 15 ಹುಡುಗಿಯರು. ಮೊದಲ ದಿನ ಸಾಫ್ಟ್‌ವೇರ್ ತೆರೆಸಲಿಲ್ಲ. ಮುಂದಿನ ಶನಿವಾರ ಬರುವಾಗ ಮನೆಯ ಪಹಣಿಯ ನಕಲು ತನ್ನಿ, ಜಮೀನಿಲ್ಲದವರು ನಿಮ್ಮೂರ ಕೆರೆಯ ಸರ್ವೆ ನಂಬರ್ ಯಾರನ್ನಾದರೂ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದೆ.