ಸೀಸನ್ ನಡುವೆ ಹಲ್ಲರ್ ಕೆಟ್ಟು ನಿಲ್ಲದಂತೆ: ಮೆಂಟೆನೆನ್ಸ್ ಸಾಫ್ಟ್‌ವೇರ್ ಬಳಸುವ ಬಗೆ

ಕೊಡಗಿನಲ್ಲಿ ಅರೇಬಿಕಾ ಕೊಯ್ಲು ನವೆಂಬರ್ ಸುಮಾರಿಗೆ ಶುರುವಾದರೆ ರೊಬಸ್ಟಾ ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ. ಒಣಗಿದ ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕುಶಾಲನಗರ ಕಡೆಯ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಅದರ ಬೆನ್ನಿಗೇ ಯಂತ್ರಗಳಿಗೆ ಬಿಡುವಿಲ್ಲದ ಕೆಲಸ. ಕಲ್ಲು ತೆಗೆಯುವ ಡಿಸ್ಟೋನರ್, ಸಿಪ್ಪೆ ಸುಲಿಯುವ ಹಲ್ಲರ್, ಗಾತ್ರ ನೋಡಿ ವಿಂಗಡಿಸುವ ಗ್ರೇಡರ್, ತೂಕ ನೋಡಿ ಬೇರ್ಪಡಿಸುವ ಗ್ರಾವಿಟಿ ಸೆಪರೇಟರ್, ಬಣ್ಣ ನೋಡಿ ಆರಿಸುವ ಕಲರ್ ಸಾರ್ಟರ್ ಎಲ್ಲವೂ ಒಂದೇ ಸಾಲಿನಲ್ಲಿ ಇರುವುದರಿಂದ ಒಂದು ಬೇರಿಂಗ್ ಹಿಡಿದುಕೊಂಡರೆ ಇಡೀ ಸಾಲು ನಿಂತಂತೆ. ಮಳೆಗಾಲದಲ್ಲಿ ಇದೇ ಯಂತ್ರಗಳು ವಾರಗಟ್ಟಲೆ ಸುಮ್ಮನಿರುತ್ತವೆ. ಯಂತ್ರಗಳ ಗ್ರೀಸ್, ರಿಪೇರಿ, ಬಿಡಿಭಾಗಗಳ ಲೆಕ್ಕ ಇಡುವ ಮೆಂಟೆನೆನ್ಸ್ ಸಾಫ್ಟ್‌ವೇರ್ ಹೊಂದಿಸುವಾಗ ಈ ಏರಿಳಿತವನ್ನು ಮರೆತರೆ ಹಾಕಿದ ಹಣ ವ್ಯರ್ಥ.

ಮೊದಲ ದಿನವೇ ಎಲ್ಲ ಯಂತ್ರಗಳನ್ನೂ ತುಂಬಿಸಲು ಹೋಗಬೇಡಿ. ನಿಂತರೆ ಸಾಲೇ ನಿಲ್ಲುವ ಐದಾರನ್ನು ಆರಿಸಿ: ಹಲ್ಲರ್, ಬಕೆಟ್ ಎಲಿವೇಟರ್, ಕಂಪ್ರೆಸರ್, ಕಲರ್ ಸಾರ್ಟರ್, ಜನರೇಟರ್. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಯಂತ್ರದ ಮೈಮೇಲೆ ಕ್ಯೂಆರ್ ಚೀಟಿ ಅಂಟಿಸಿ. ಮೋಟರಿನ ಅಶ್ವಶಕ್ತಿ, ಬೇರಿಂಗ್ ನಂಬರ್, ಬೆಲ್ಟಿನ ಸೈಜ್ ಮತ್ತು ಎಷ್ಟು ಬೆಲ್ಟ್ ಎಂಬುದನ್ನು ಯಂತ್ರದ ಹತ್ತಿರವೇ ನಿಂತು ನೋಡಿ ಬರೆಯಬೇಕು. ಹಳೆಯ ಬಿಲ್ ನೋಡಿ ಬರೆದರೆ ತಪ್ಪು ಬಿಡಿಭಾಗ ಬಂದು ಬೀಳುತ್ತದೆ. ಉಚಿತವಾಗಿ ಸಿಗುವ ಇಆರ್‌ಪಿನೆಕ್ಸ್ಟ್‌ನಂಥ ಮುಕ್ತ ತಂತ್ರಾಂಶದಲ್ಲೂ ಯಂತ್ರಗಳ ನಿರ್ವಹಣೆಗೆ ವಿಭಾಗವಿದೆ. ಯಾವುದನ್ನೇ ಆರಿಸಿದರೂ ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಉಳಿದು, ಸಿಗ್ನಲ್ ಬಂದಾಗ ತಾನೇ ಸೇರಿಕೊಳ್ಳುತ್ತದೆಯೇ ಎಂದು ಫೋನಿನ ಡೇಟಾ ಆಫ್ ಮಾಡಿ ಪರೀಕ್ಷಿಸಿಯೇ ತೀರ್ಮಾನಿಸಿ.

ಮುಂದಿನದು ವೇಳಾಪಟ್ಟಿ. ಹೆಚ್ಚಿನವರು ಎಡವುವುದು ಇಲ್ಲೇ. ‘ತಿಂಗಳಿಗೊಮ್ಮೆ ಗ್ರೀಸ್’ ಎಂದು ಬರೆದಿಟ್ಟರೆ ಫೆಬ್ರುವರಿಯಲ್ಲಿ ಗ್ರೀಸ್ ಸಾಲದು, ಜುಲೈನಲ್ಲಿ ಓಡದ ಯಂತ್ರಕ್ಕೂ ಗ್ರೀಸ್ ತುಂಬುತ್ತಾರೆ. ಸ್ಟಾರ್ಟರ್ ಪ್ಯಾನಲ್‌ಗೆ, ಯಂತ್ರ ಓಡಿದ ಗಂಟೆ ಎಣಿಸುವ ಒಂದು ಅವರ್ ಮೀಟರ್ ಹಾಕಿಸಿ, ಪಾಳಿ ಮುಗಿದಾಗ ಅದರ ಅಂಕಿಯನ್ನು ಆ್ಯಪ್‌ಗೆ ಸೇರಿಸಿ. ಗ್ರೀಸ್, ಬೆಲ್ಟ್, ಜರಡಿಯ ಕೆಲಸಗಳೆಲ್ಲ ಓಡಿದ ಗಂಟೆಗೆ ಕಟ್ಟಿಕೊಂಡಿರಲಿ.

ಸಾಫ್ಟ್‌ವೇರ್‌ನಲ್ಲಿ ತೆರೆಯುವ ಕೆಲಸದ ಚೀಟಿಯಲ್ಲಿ ‘ಬೇರಿಂಗ್ ನೋಡಿ’ ಎಂದರೆ ಸಾಲದು, ಅಳತೆ ಬೇಕು. ಬೇರಿಂಗಿನ ಹೊರ ವ್ಯಾಸವನ್ನು ಅಗಲದಿಂದ ಗುಣಿಸಿ (ಎರಡೂ ಮಿಲಿಮೀಟರಿನಲ್ಲಿ), 0.005ರಿಂದ ಮತ್ತೆ ಗುಣಿಸಿದರೆ ಮರುಭರ್ತಿಗೆ ಬೇಕಾದ ಗ್ರೀಸ್ ಗ್ರಾಂನಲ್ಲಿ ಸಿಗುತ್ತದೆ. 6308 ಬೇರಿಂಗ್ ಆದರೆ 90 × 23 × 0.005, ಅಂದರೆ ಸುಮಾರು 10 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಕೊಡುತ್ತದೆಂದು ಹತ್ತು ಸಲ ಕಾಗದದ ಮೇಲೆ ಒತ್ತಿ, ತೂಕ ಮಾಡಿ, ಚೀಟಿಯಲ್ಲಿ ‘ಇಷ್ಟು ಒತ್ತು’ ಎಂದೇ ಬರೆಯಿರಿ. ಹೆಚ್ಚಾದ ಗ್ರೀಸ್ ಒಳಗೇ ಕಡೆದು ಬಿಸಿಯೇರುತ್ತದೆ. ಗ್ರೀಸ್ ಹೋಗುವ ಬಾಯಿ, ಅಂದರೆ ನಿಪ್ಪಲ್ ಒರೆಸದೆ ಒತ್ತಿದರೆ ಕಾಫಿ ಹೊಟ್ಟಿನ ದೂಳೂ ಗ್ರೀಸಿನ ಜೊತೆ ಒಳಗೆ ಹೋಗುತ್ತದೆ. ಎರಡೂ ಬದಿ ಸೀಲ್ ಇರುವ ಬೇರಿಂಗ್‌ಗೆ ಈ ಕೆಲಸವೇ ಇಲ್ಲ.

ವಿ-ಬೆಲ್ಟ್ ಅನ್ನು ಮಧ್ಯದಲ್ಲಿ ಒತ್ತಿದಾಗ ಎರಡು ಪುಲ್ಲಿಗಳ ನಡುವಿನ ಪ್ರತಿ 100 ಮಿ.ಮೀ.ಗೆ ಸುಮಾರು 1.6 ಮಿ.ಮೀ. ಬಾಗು ಇರಬೇಕು. ಎಷ್ಟು ಬಲದಿಂದ ಒತ್ತಬೇಕೆಂಬುದು ಬೆಲ್ಟ್ ತಯಾರಕರ ಪಟ್ಟಿಯಲ್ಲಿರುತ್ತದೆ. ಬಿಗಿ ಹೆಚ್ಚಿದರೆ ಏಟು ಬೀಳುವುದು ಬೇರಿಂಗ್‌ಗೆ. ಜೋಡಿಯಲ್ಲಿ ಒಂದು ಹರಿದರೂ ಇಡೀ ಸೆಟ್ ಬದಲಿಸಿ, ಹಳೆಯದರ ಜೊತೆ ಹೊಸದು ಸಮನಾಗಿ ಭಾರ ಹೊರುವುದಿಲ್ಲ. ಕಲರ್ ಸಾರ್ಟರ್‌ಗೆ ಗಾಳಿ ಕೊಡುವ ಕಂಪ್ರೆಸರ್ ಟ್ಯಾಂಕಿನ ನೀರನ್ನು ಪ್ರತಿ ಪಾಳಿಯಲ್ಲೂ ಬಸಿಯಬೇಕು. ನೀರು ಸೇರಿದರೆ, ಕೆಟ್ಟ ಬೀಜವನ್ನು ಗಾಳಿಯಿಂದ ಹೊರಕ್ಕೆ ಊದುವ ಎಜೆಕ್ಟರ್ ವಾಲ್ವ್‌ಗಳು ಕಚ್ಚಿಕೊಂಡು ಕಪ್ಪು ಬೀಜ ಒಳ್ಳೆಯದರ ಜೊತೆಗೇ ಸಾಗುತ್ತದೆ.

ಯಂತ್ರ ನಿಂತಾಗ ಮೂರು ಸಮಯ ದಾಖಲಾಗಲಿ: ನಿಂತದ್ದು, ರಿಪೇರಿಗೆ ಕೈ ಹಾಕಿದ್ದು, ಮತ್ತೆ ಓಡಿದ್ದು. ಐದು ಗಂಟೆ ನಿಂತ ಯಂತ್ರಕ್ಕೆ ಫಿಟ್ಟರ್ ಕೆಲಸ ಮಾಡಿದ್ದು ನಲವತ್ತೇ ನಿಮಿಷ ಎಂದಾದರೆ ಉಳಿದ ಹೊತ್ತು ಬೇರಿಂಗ್ ಮೈಸೂರಿನಿಂದ ಬರಲು ಕಾದದ್ದು. ಅಲ್ಲಿ ಬೇಕಾದದ್ದು ಮತ್ತೊಬ್ಬ ಫಿಟ್ಟರ್ ಅಲ್ಲ, ಸ್ಟೋರಿನಲ್ಲಿ ಒಂದು ಬೇರಿಂಗ್. ಅಂಥ ಭಾಗಕ್ಕೆ ಸಾಫ್ಟ್‌ವೇರ್‌ನಲ್ಲಿ ಕನಿಷ್ಠ ದಾಸ್ತಾನು ನಮೂದಿಸಿದರೆ ಅದು ಕಡಿಮೆಯಾದಾಗ ತಾನೇ ಎಚ್ಚರಿಸುತ್ತದೆ. ಕಾರಣವನ್ನು ಮನಸ್ಸಿಗೆ ಬಂದಂತೆ ಬರೆಯಲು ಬಿಡದೆ, ‘ಗ್ರೀಸ್ ಇಲ್ಲ’, ‘ಬೆಲ್ಟ್ ಸಡಿಲ’, ‘ಕಲ್ಲು ಸಿಕ್ಕಿತು’, ‘ವೋಲ್ಟೇಜ್ ಕಡಿಮೆ’ ಎಂಬಂಥ ಹತ್ತು ಆಯ್ಕೆಗಳನ್ನಿಡಿ. ಒಬ್ಬರು ‘ಮೋಟರ್ ಹೋಯ್ತು’, ಇನ್ನೊಬ್ಬರು ‘ಸುಟ್ಟಿದೆ’ ಎಂದು ಬರೆದರೆ ಸಾಫ್ಟ್‌ವೇರ್‌ಗೆ ಎರಡೂ ಒಂದೇ ಎಂದು ತಿಳಿಯದು.

ನೋಡದೆಯೇ ಟಿಕ್ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. ಅದಕ್ಕೆ ಔಷಧಿ, ಅಂಕಿ ತುಂಬದೆ ಚೀಟಿ ಮುಚ್ಚದಂತೆ ಮಾಡುವುದು. ಬೇರಿಂಗ್ ಕವಚದ ಬಿಸಿಯನ್ನು ಇನ್‌ಫ್ರಾರೆಡ್ ಗನ್ನಿನಿಂದ ವಾರಕ್ಕೊಮ್ಮೆ ಅಳೆಯಲಿ. ಅದೇ ಲೋಡಿನಲ್ಲಿ ಎಂದಿಗಿಂತ 10-15 ಡಿಗ್ರಿ ಏರಿದ್ದರೆ ಕಾರಣ ಹುಡುಕುವ ಚೀಟಿ ಅಂದೇ ತೆರೆಯಬೇಕು.

ಮಳೆಗಾಲಕ್ಕೆ ಮಾತ್ರ ಬೇರೆ ಪಟ್ಟಿ ಬೇಕು, ಅದು ಕ್ಯಾಲೆಂಡರ್ ಮೇಲೆಯೇ ನಡೆಯಲಿ. ಕರೆಂಟ್ ತೆಗೆದು, ನಿಂತ ಯಂತ್ರಗಳ ಶಾಫ್ಟ್ ಅನ್ನು ವಾರಕ್ಕೊಮ್ಮೆ ಕೈಯಿಂದ ಕೆಲವು ಸುತ್ತು ತಿರುಗಿಸಿ, ಮೊದಲಿಗಿಂತ ಬೇರೆ ಕೋನದಲ್ಲಿ ನಿಲ್ಲಿಸಬೇಕು. ಇಲ್ಲವಾದರೆ ಬೇರಿಂಗ್ ಗುಂಡುಗಳು ಕೂತಲ್ಲೇ ತುಕ್ಕಿನ ಗುರುತು ಮೂಡುತ್ತದೆ. ಸೀಸನ್ನಿಗೆ ಮುನ್ನ ಎಲೆಕ್ಟ್ರಿಷಿಯನ್ 500 ವೋಲ್ಟಿನ ಮೆಗ್ಗರ್‌ನಿಂದ (ವೈಂಡಿಂಗಿನ ಇನ್ಸುಲೇಷನ್ ಅಳೆಯುವ ಉಪಕರಣ) ಪ್ರತಿ ಮೋಟರನ್ನೂ ಪರೀಕ್ಷಿಸಲಿ. ಮೋಟರಿನ ವೇಗ ನಿಯಂತ್ರಿಸುವ ಡ್ರೈವ್ ಇದ್ದರೆ ಅದರ ವೈರ್ ಬಿಚ್ಚಿಯೇ ಅಳೆಯಬೇಕು, ಇಲ್ಲದಿದ್ದರೆ ಡ್ರೈವ್ ಸುಡುತ್ತದೆ. 1 ಮೆಗಾ ಓಮ್‌ಗಿಂತ ಕಡಿಮೆ ಬಂದ ಮೋಟರಿನ ವೈಂಡಿಂಗ್ ತೇವ ಹೀರಿರಬಹುದು. ಅದನ್ನು ಒಣಗಿಸಿ, ಮತ್ತೆ ಅಳೆದು, ಎರಡೂ ಅಂಕಿಗಳನ್ನು ಆ ಮೋಟರಿನ ಪುಟದಲ್ಲಿ ದಾಖಲಿಸಿದ ಮೇಲಷ್ಟೇ ಸ್ವಿಚ್ ಹಾಕಿ.